ಒವಿಯೇಡೊ ಮೇಲೆ ಬಂತು ಸರಿ, 2003-04ರ ಆ ತೆರ್ಸೆರಾ ಸೀಸನ್ ಯಾರಿಗಾದರೂ ನೆನಪಿದೆಯಾ?

ಮಳೆಗಾಲದ ಗೋಲಿ
ಜೂನ್ 22, 2025, ಬೆಳಗ್ಗೆ 9:10

ರಾತ್ರಿ ಮಲಗಿದಾಗ ಮೂರೂವರೆ. ಕಣ್ಣು ಉರಿಯುತ್ತಿದೆ. ಭಾನುವಾರ ಆಗಿದ್ದಕ್ಕೆ ಬಚಾವ್.

ನೋಡದವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ. ಸ್ಪೇನಿನ ಫುಟ್‌ಬಾಲ್ ಕ್ಲಬ್ ರಿಯಲ್ ಒವಿಯೇಡೊ ಲಾ ಲಿಗಾಕ್ಕೆ, ಅಂದರೆ ಅಲ್ಲಿನ ಮೊದಲ ದರ್ಜೆಗೆ, ವಾಪಸ್ ಬಂತು. 24 ವರ್ಷ ಆದ ಮೇಲೆ. ಮೇಲೆ ಹೋಗಲು ಆಡುವ ಪ್ಲೇಆಫ್‌ನ ಫೈನಲ್ ಎರಡು ಪಂದ್ಯದ್ದು. ಮಿರಾಂದೆಸ್ ತಂಡದ ಎದುರು ಮೊದಲನೇದನ್ನು 1-0 ಸೋತಿತ್ತು. ನಿನ್ನೆ ಮನೆಯಂಗಳದಲ್ಲೂ ಮೊದಲ ಗೋಲು ಅವರದ್ದೇ. ಆಮೇಲೆ 40 ವರ್ಷದ ಸಾಂತಿ ಕಸೋರ್ಲಾ ಪೆನಾಲ್ಟಿ ಹೊಡೆದ, ಚೈರಾ ಇನ್ನೊಂದು ಹಾಕಿದ, ಹೆಚ್ಚುವರಿ ಸಮಯದಲ್ಲಿ ಪೋರ್ತಿಯೊ ಮೂರನೇದು. ಮುಗೀತು.

ಬೆಳಗ್ಗೆಯಿಂದ ಎಲ್ಲ ಗುಂಪುಗಳಲ್ಲೂ ಕಸೋರ್ಲಾ ಅಳುವ ವಿಡಿಯೊನೇ ಓಡಾಡುತ್ತಿದೆ. ನನಗೆ ಅದಕ್ಕಿಂತ ಜಾಸ್ತಿ ನೆನಪಾಗುತ್ತಿರುವುದು 2003-04. ಆ ವರ್ಷ ಇದೇ ಕ್ಲಬ್ ಆಗ ನಾಲ್ಕನೇ ದರ್ಜೆಯಾಗಿದ್ದ ತೆರ್ಸೆರಾದ ಎರಡನೇ ಗುಂಪಿನಲ್ಲಿ, ಅಂದರೆ ಅಸ್ತೂರಿಯಾಸ್ ಪ್ರಾಂತ್ಯದ ಲೀಗಿನಲ್ಲಿ ಆಡುತ್ತಿತ್ತು. ಸುತ್ತಮುತ್ತಲ ಗಣಿ ಊರು, ಮೀನುಗಾರರ ಊರುಗಳ ತಂಡಗಳ ಜೊತೆ.

ಆಗಿದ್ದು ಹೀಗೆ. 2001ರಲ್ಲಿ ಮೊದಲ ದರ್ಜೆಯಿಂದ ಬಿತ್ತು. 2003ರಲ್ಲಿ ಎರಡನೇ ದರ್ಜೆಯಿಂದಲೂ ಬಿತ್ತು. ಅಷ್ಟಕ್ಕೇ ನಿಂತಿದ್ದರೆ ಮೂರನೇ ದರ್ಜೆ, ಸೆಗುಂದಾ ಬಿ ಸಿಗುತ್ತಿತ್ತು. ಆದರೆ ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. ಅವರು ದೂರು ಕೊಟ್ಟರು, ಗಡುವಿನ ಒಳಗೆ ಕ್ಲಬ್ ಹಣ ಹೊಂದಿಸಲಿಲ್ಲ. ಶಿಕ್ಷೆಯಾಗಿ ಇನ್ನೊಂದು ಮೆಟ್ಟಿಲು ಕೆಳಗೆ ತಳ್ಳಿದರು. ಒಂದೇ ಬೇಸಿಗೆಯಲ್ಲಿ ಎರಡು ಮೆಟ್ಟಿಲು. ಇದ್ದಬದ್ದ ಆಟಗಾರರೆಲ್ಲ ಹೋದರು.

ಅದರ ಮೇಲೆ ಇನ್ನೊಂದು ಪೆಟ್ಟು. ನಗರಸಭೆ ಈ ಕ್ಲಬ್ಬಿನ ಕಥೆ ಮುಗಿಯಿತು ಅಂತ ಕೈಬಿಟ್ಟು, ಅದೇ ಊರಿನ ಆಸ್ತುರ್ ಅನ್ನುವ ಚಿಕ್ಕ ಕ್ಲಬ್ಬಿನ ಬೆನ್ನಿಗೆ ನಿಂತಿತು. ಅದರ ಹೆಸರಿಗೂ ಒವಿಯೇಡೊ ಸೇರಿತು. ಎರಡೂ ಒಂದೇ ಗುಂಪಿನಲ್ಲಿ. ಒಂದೇ ಊರು, ಹೆಸರು ಹಂಚಿಕೊಂಡ ಎರಡು ತಂಡ, ಒಂದಕ್ಕೆ ಸರ್ಕಾರಿ ಕೃಪೆ, ಇನ್ನೊಂದಕ್ಕೆ ಸಾಲ.

ಜನ ಯಾವ ಕಡೆ ಹೋದರು ಹೇಳಿ? ನಾಲ್ಕನೇ ದರ್ಜೆಯ ತಂಡಕ್ಕೆ ಹತ್ತು ಸಾವಿರ ಜನ ಸೀಸನ್ ಟಿಕೆಟ್ ತಗೊಂಡರು.

ನನಗಂತೂ ಕ್ಲಬ್ಬಿನ ಚರಿತ್ರೆಯಲ್ಲಿ ಅದೇ ದೊಡ್ಡ ಸೀಸನ್. ನೀವೇನಂತೀರಿ?

ಹೊಸ ಹುಡುಗ 07
ಬೆಳಗ್ಗೆ 9:32

ಅಣ್ಣಾ, ಒಂದು ಡೌಟು. ತೆರ್ಸೆರಾ ಅಂದರೆ ಮೂರನೇದು ಅಲ್ವಾ? ನೀವು ನಾಲ್ಕನೇ ದರ್ಜೆ ಅಂತಿದ್ದೀರಿ.

ಲೆಕ್ಕದ ಮೇಷ್ಟ್ರು
ಬೆಳಗ್ಗೆ 9:58

ಈ ಪ್ರಶ್ನೆಗೇ ಕಾಯುತ್ತಿದ್ದೆ.

1977ರವರೆಗೆ ಅದು ನಿಜವಾಗಲೂ ಮೂರನೇದೇ. ಆ ವರ್ಷ ಮಧ್ಯದಲ್ಲಿ ಸೆಗುಂದಾ ಬಿ ಅಂತ ಒಂದನ್ನು ತೂರಿಸಿದರು, ಇದು ನಾಲ್ಕನೇದಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. 2021ರಲ್ಲಿ ಮತ್ತೆ ಎಲ್ಲ ಕಲಸಿದರು. ಈಗ ಮೂರನೇ ದರ್ಜೆಯ ಹೆಸರು 'ಮೊದಲ ಫೆಡರೇಷನ್', ನಾಲ್ಕನೇದರ ಹೆಸರು 'ಎರಡನೇ ಫೆಡರೇಷನ್', ಐದನೇದು 'ಮೂರನೇ ಫೆಡರೇಷನ್'. ಅಂದರೆ ತೆರ್ಸೆರಾ ಅನ್ನುವ ಹೆಸರು ಈಗ ಐದನೇ ದರ್ಜೆಯಲ್ಲಿದೆ. ಕಟ್ಟಡದ ಕೆಳಗೆ ಹೊಸ ಮಹಡಿ ಕಟ್ಟೋದನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಈಗ ಈ ದರ್ಜೆಯಲ್ಲಿ 18 ಗುಂಪು. ಹೆಚ್ಚುಕಡಿಮೆ ಪ್ರಾಂತ್ಯಕ್ಕೊಂದು. ಗಲಿಸಿಯಾ ಒಂದನೇದು, ಅಸ್ತೂರಿಯಾಸ್ ಎರಡನೇದು, ಕಾಂತಾಬ್ರಿಯಾ ಮೂರನೇದು, ಹೀಗೆ. ಆಂದಲೂಸಿಯಾ ದೊಡ್ಡದು ಅಂತ ಅದಕ್ಕೆ ಎರಡು. ಪೂರ್ವದ ಗುಂಪಿಗೆ ಮೆಲಿಯಾ, ಪಶ್ಚಿಮದ್ದಕ್ಕೆ ಸೆಯೂತಾ. ಅವೆರಡೂ ಸಮುದ್ರದ ಆಚೆ, ಆಫ್ರಿಕಾ ದಡದಲ್ಲಿವೆ.

ಇದಕ್ಕೂ ಕೆಳಗೆ ಆಯಾ ಪ್ರಾಂತ್ಯದ ಫೆಡರೇಷನ್ ನಡೆಸುವ ಲೀಗುಗಳಿವೆ. ಅಲ್ಲಿ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಹೆಸರು. ಆ ಕಾಡಿಗೆ ಹೋಗುವುದು ಬೇಡ.

ಅಶೋಕನಗರ ಗ್ಯಾಲರಿ
ಬೆಳಗ್ಗೆ 10:15

ಗೋಲಿ, ನಿಮ್ಮ ಪ್ರೀತಿ ಅರ್ಥವಾಗುತ್ತೆ. ಆದರೆ ಒಂದು ಮಾತು ಹೇಳದೆ ಇದ್ದರೆ ನನಗೆ ತಿಂದದ್ದು ಅರಗಲ್ಲ.

ಇದು ಸಂಬಳ ಕೊಡದ ಕ್ಲಬ್. ಆಟಗಾರರು ಅಂದರೆ ಎಲ್ಲರೂ ಕೋಟಿ ಎಣಿಸುವವರಲ್ಲ. ಎರಡನೇ ದರ್ಜೆಯಲ್ಲಿ ಬಾಡಿಗೆ ಮನೆ, ಮಕ್ಕಳ ಫೀಸು ಅಂತ ಇರುವವರೇ ಜಾಸ್ತಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಮೂರು ತಿಂಗಳು ಸಂಬಳ ಆಗಲಿಲ್ಲ. ಮಾಲೀಕರು ಪ್ರತಿ ಸೋಮವಾರ 'ನಾವೆಲ್ಲ ಒಂದು ಕುಟುಂಬ' ಅಂತ ಭಾಷಣ ಮಾಡುತ್ತಿದ್ದರು. ಮನೆಯಲ್ಲಿ ಗ್ಯಾಸ್ ಸಿಲಿಂಡರ್‌ಗೆ ದುಡ್ಡಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೆಳಗೆ ತಳ್ಳಿದ್ದು ಅನ್ಯಾಯ ಅಲ್ಲ. ಸ್ಪೇನಿನಲ್ಲಿ ಆಟಗಾರರ ಸಂಘ ಇದೆ, ಗಡುವು ಇದೆ, ಕೊಡದಿದ್ದರೆ ಶಿಕ್ಷೆ ಇದೆ. ಆ ನಿಯಮ ಎಷ್ಟೋ ಜನರ ಅನ್ನ ಉಳಿಸಿದೆ.

ಮಳೆಗಾಲದ ಗೋಲಿ
ಬೆಳಗ್ಗೆ 10:29

ಗ್ಯಾಲರಿ ಸರ್, ನಿಯಮ ತಪ್ಪು ಅಂತ ನಾನು ಹೇಳೇ ಇಲ್ಲ. ಆದರೆ ಹಣ ಹಾಳು ಮಾಡಿದವರು ಎದ್ದು ಹೋದರು, ಶಿಕ್ಷೆ ಅನುಭವಿಸಿದ್ದು ಟಿಕೆಟ್ ತಗೊಳ್ಳುವವರು. 1990ರ ಕ್ರೀಡಾ ಕಾನೂನು ಬಂದ ಮೇಲೆ ಸಾಲ ಇದ್ದ ಕ್ಲಬ್ಬುಗಳನ್ನೆಲ್ಲ ಕಂಪನಿ ಮಾಡಿದರು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್, ಒಸಾಸುನಾ ಮಾತ್ರ ಸದಸ್ಯರ ಕೈಯಲ್ಲೇ ಉಳಿದವು. ಮಿಕ್ಕವರಿಗೆ ಶೇರು, ನಿರ್ದೇಶಕರು, ಹೊಸ ಮಾಲೀಕರು. ಹತ್ತು ಹನ್ನೆರಡು ವರ್ಷದಲ್ಲಿ ಎಷ್ಟು ಕ್ಲಬ್ಬುಗಳು ಕುಸಿದವು ನೋಡಿ.

ಇನ್ನೊಂದು. 2003ರಲ್ಲಿ ಕ್ಲಬ್ಬಿಗೆ ಆದ ನಷ್ಟ ಬರೀ ದರ್ಜೆಯದ್ದಲ್ಲ. ಹುಡುಗರ ತಂಡದಲ್ಲಿದ್ದ ಕಸೋರ್ಲಾ ಅದೇ ವರ್ಷ 18ಕ್ಕೆ ವಿಯಾರಿಯಲ್‌ಗೆ ಹೋದ. 15 ವರ್ಷದ ಹುವಾನ್ ಮಾತಾ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಕಸೋರ್ಲಾ ಒವಿಯೇಡೊದ ಹಿರಿಯರ ತಂಡಕ್ಕೆ ಮೊದಲ ಸಲ ಆಡಿದ್ದು 2023ರಲ್ಲಿ. ಅದೂ ಲೀಗಿನ ಕನಿಷ್ಠ ಸಂಬಳಕ್ಕೆ. ನಿನ್ನೆ ಅವನು ಯಾಕೆ ಅತ್ತ ಅಂತ ಕೇಳುವವರಿಗೆ ಉತ್ತರ ಅಲ್ಲಿದೆ.

ಬ್ಲೂಸ್ ಬಸ್ಯ
ಬೆಳಗ್ಗೆ 10:41

ನಮ್ಮ ಐಎಸ್‌ಎಲ್‌ನಲ್ಲಿ ಈವರೆಗೆ ಕೆಳಗೆ ಬೀಳೋದೇ ಇರಲಿಲ್ಲ. ಎಷ್ಟು ಸೋತರೂ ಮುಂದಿನ ವರ್ಷ ಹೊಸ ಜೆರ್ಸಿ ಹಾಕಿಕೊಂಡು ಅಲ್ಲೇ ಇರುತ್ತಿದ್ವಿ. ನನಗೆ ಈ ಭಯ ಏನು ಅಂತಲೇ ಗೊತ್ತಿಲ್ಲ. ಆದ್ರೂ ಸ್ಪೇನ್ ಅಂದರೆ ನಮ್ಮದೇ ಅನ್ನಿಸುತ್ತೆ. ನಮ್ಮ ಬೆಂಗಳೂರು ಎಫ್‌ಸಿ ಕೋಚುಗಳು ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾದ್ರಾತ್, ಆಮೇಲೆ ಜೆರಾರ್ಡ್ ಸರಗೋಸಾ. ಕಂಠೀರವದಲ್ಲಿ ಅಷ್ಟು ವರ್ಷ ಸ್ಪ್ಯಾನಿಷ್ ಕೇಳಿಸಿಕೊಂಡಿದ್ದೀವಿ. ಬಂದಿದ್ದು ಮಾತ್ರ ಬೈಗುಳ ಎರಡು.

ಮೇಷ್ಟ್ರೇ, ಮೇಲೆ ಹೋಗೋದು ಹೇಗೆ ಅಂತ ಹೇಳಿ. ಮೊದಲು ಬಂದರೆ ಸಾಕಲ್ವಾ?

ಲೆಕ್ಕದ ಮೇಷ್ಟ್ರು
ಬೆಳಗ್ಗೆ 11:20

ಸಾಕಾಗುತ್ತಿರಲಿಲ್ಲ ಬಸ್ಯಾ. ಅದೇ ಇಡೀ ಕಥೆಯ ಮುಳ್ಳು.

ಆಗ ಪ್ರತಿ ಗುಂಪಿನ ಮೊದಲ ನಾಲ್ಕು ತಂಡಗಳು ಪ್ಲೇಆಫ್‌ಗೆ ಹೋಗುತ್ತಿದ್ದವು. ಇಡೀ ವರ್ಷ ಮೊದಲ ಸ್ಥಾನದಲ್ಲಿದ್ದವನೂ ಅಲ್ಲೇ, ಏದುಸಿರು ಬಿಟ್ಟು ನಾಲ್ಕನೇ ಸ್ಥಾನಕ್ಕೆ ಬಂದವನೂ ಅಲ್ಲೇ. ಆಗಸ್ಟ್‌ನಿಂದ ಮೇವರೆಗೆ ಕಟ್ಟಿದ್ದು ಜೂನಿನ ಒಂದು ಸಂಜೆ ಮಣ್ಣಾಗಬಹುದಿತ್ತು. 2021-22ರಿಂದ ಗುಂಪಿನ ಮೊದಲಿಗರು ನೇರ ಮೇಲೆ ಹೋಗುತ್ತಾರೆ, 18 ತಂಡ. ಇನ್ನು 9 ತಂಡ ಪ್ಲೇಆಫ್ ಆಡಿ ಹೋಗುತ್ತವೆ. ಒಟ್ಟು 27. ಈಗಲಾದರೂ ನ್ಯಾಯ ಬಂತು ಅನ್ನಿ.

ಕೆಳಗೆ ಬೀಳುವ ಲೆಕ್ಕ ಇನ್ನೂ ಮಜಾ. ಎಷ್ಟು ತಂಡ ಬೀಳುತ್ತವೆ ಅಂತ ಸೀಸನ್ ಶುರುವಿನಲ್ಲಿ ಯಾರಿಗೂ ಖಚಿತ ಇರಲ್ಲ. ಯಾಕೆಂದರೆ ಮೇಲಿನ ದರ್ಜೆಯಿಂದ ಬಿದ್ದವರು ಅವರವರ ಪ್ರಾಂತ್ಯದ ಗುಂಪಿಗೇ ಬಂದು ಕೂರಬೇಕು. ಮೇಲಿಂದ ಅಸ್ತೂರಿಯಾಸ್‌ನ ಎರಡು ತಂಡ ಬಿದ್ದರೆ, ಇಲ್ಲಿ ಜಾಗ ಮಾಡಿಕೊಡಲು ಇನ್ನಿಬ್ಬರು ಕೆಳಗೆ ಇಳಿಯಬೇಕು. ಇದಕ್ಕೆ ಅವರು 'ಅರಾಸ್ತ್ರೆ' ಅನ್ನುತ್ತಾರೆ, ಎಳೆತ ಅಂತ ಅರ್ಥ. ನಿಮ್ಮ ಊರಿನ ತಂಡ ಕಷ್ಟಪಟ್ಟು ಉಳಿದುಕೊಂಡು ಪಟಾಕಿ ಹೊಡೆದಿರುತ್ತೆ. ಮುನ್ನೂರು ಕಿಲೋಮೀಟರ್ ಆಚೆ ಯಾವುದೋ ಪಂದ್ಯದ ಕೊನೇ ನಿಮಿಷದಲ್ಲಿ ಗೋಲು ಬಿದ್ದಿದ್ದಕ್ಕೆ ನೀವೂ ಮುಳುಗುತ್ತೀರಿ. ಬಸ್ಸಲ್ಲಿ ಸೀಟು ಸಿಕ್ಕಿತು ಅಂತ ಕೂತವನನ್ನು, ಮುಂದಿನ ಸ್ಟಾಪಿನಲ್ಲಿ ಟಿಕೆಟ್ ಬುಕ್ ಮಾಡಿದವನು ಬಂದು ಎಬ್ಬಿಸಿದ ಹಾಗೆ.

ಇನ್ನು 'ಬಿ' ತಂಡಗಳು. ಹಿರಿಯರ ತಂಡ ಇರುವ ದರ್ಜೆಯಲ್ಲಿ ಕಿರಿಯರ ತಂಡ ಇರುವಂತಿಲ್ಲ. ಅಪ್ಪ ಕೆಳಗೆ ಬಂದರೆ ಮಗ ಇನ್ನೂ ಕೆಳಗೆ ಹೋಗಬೇಕು, ಅವನೆಷ್ಟೇ ಚೆನ್ನಾಗಿ ಆಡಿದ್ದರೂ.

ಅಂಕ ಸಮ ಆದರೆ ಒಟ್ಟು ಗೋಲಿನ ವ್ಯತ್ಯಾಸ ಮೊದಲು ನೋಡಲ್ಲ. ಆ ಇಬ್ಬರೇ ಪರಸ್ಪರ ಆಡಿದ ಪಂದ್ಯದಲ್ಲಿ ಯಾರು ಮೇಲು ಅಂತ ನೋಡುತ್ತಾರೆ. ಅದಕ್ಕೇ ಅಲ್ಲಿನ ಜನ 3-0 ಸೋಲುತ್ತಿದ್ದರೂ ಕೊನೇಲಿ ಒಂದು ಗೋಲು ಹಾಕಿದರೆ ಎದ್ದು ಕುಣಿಯುವುದು.

ಹೊಸ ಹುಡುಗ 07
ಬೆಳಗ್ಗೆ 11:31

ತಲೆ ಗಿರ್ ಅಂತಿದೆ ಮೇಷ್ಟ್ರೇ. ಜಿಎಸ್‌ಟಿ ಇದಕ್ಕಿಂತ ಸುಲಭ.

ಸೈಡರ್ ಸೀಮೆ
ಮಧ್ಯಾಹ್ನ 2:05

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷದಿಂದ ಇಲ್ಲೇ, ಹಿಹೋನ್‌ನಲ್ಲಿದ್ದೇನೆ. ಊರು ತೀರ್ಥಹಳ್ಳಿ ಕಡೆ. ಹಿಹೋನ್ ಅಂದರೆ ಒವಿಯೇಡೊದ ಬದ್ಧವೈರಿ ಸ್ಪೋರ್ಟಿಂಗ್‌ನ ಊರು. ಹಾಗಾಗಿ ನಿನ್ನೆ ರಾತ್ರಿ ನಮ್ಮ ಬೀದಿ ಸಾವಿನ ಮನೆ ಹಾಗಿತ್ತು. ನಾನು ಮನೆಯೊಳಗೆ ಸುಮ್ನೆ ನಗುತ್ತಿದ್ದೆ, ಹೊರಗೆ ಹೇಳುವ ಹಾಗಿಲ್ಲ.

ನೀವೆಲ್ಲ ಲೆಕ್ಕ ಮಾತಾಡುತ್ತಿದ್ದೀರಿ. ಸೀಮೆ ಹೇಗಿದೆ ಅಂತ ನಾನು ಹೇಳುತ್ತೇನೆ. ಅಸ್ತೂರಿಯಾಸ್ ಅಂದರೆ ನಮ್ಮ ಮಲೆನಾಡೇ ಅಂದುಕೊಳ್ಳಿ. ಗುಡ್ಡ, ಹಸಿರು, ಬಿಡದೆ ಮಳೆ. ಇಡೀ ಪ್ರಾಂತ್ಯದ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ನಾಲೋನ್, ಕೌದಾಲ್ ಅಂತ ಎರಡು ನದಿ ಕಣಿವೆ, ಅಲ್ಲೆಲ್ಲ ಕಲ್ಲಿದ್ದಲು ಗಣಿ. ಈಗ ಬಹುತೇಕ ಮುಚ್ಚಿವೆ. ಮಿಯೇರೆಸ್‌ನಲ್ಲಿ ಕೌದಾಲ್ ಕ್ಲಬ್, ಲಾಂಗ್ರೆಯೊದಲ್ಲಿ ಇನ್ನೊಂದು, ಕಡಲ ಕಡೆ ಲುವಾಂಕೊದಲ್ಲಿ ಮರೀನೊ, ವಿಯಾವಿಸಿಯೋಸಾದಲ್ಲಿ ಲೆಆಲ್ತಾದ್. ಯಾವ ವರ್ಷ ಯಾರು ಯಾವ ದರ್ಜೆಯಲ್ಲಿ ಅನ್ನೋದು ಬದಲಾಗುತ್ತಾ ಇರುತ್ತೆ. ತುಯಿಯಾ ಅಂತ ಒಂದು ಹಳ್ಳಿ ಇದೆ, ಅದರದ್ದೂ ಒಂದು ಕ್ಲಬ್ಬು. ದವೀದ್ ವಿಯಾ ಹುಟ್ಟಿದ್ದು ಅಲ್ಲಿ, ಗಣಿ ಕಾರ್ಮಿಕನ ಮಗ. ವಿಶ್ವಕಪ್ ಗೆದ್ದವನು ಲಾಂಗ್ರೆಯೊ ಹುಡುಗರ ತಂಡದಲ್ಲಿ ಆಡಿ ಬೆಳೆದವನು.

ಇಷ್ಟು ಚಿಕ್ಕ ಸೀಮೆ ಆದ್ದರಿಂದ ಹೊರಗಿನ ಪಂದ್ಯ ಅಂದರೂ ಗಂಟೆ, ಒಂದೂವರೆ ಗಂಟೆ ದಾರಿ. ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಕಣಿವೆಯ ಒಂದು ಊರಿಗೆ ತೆರ್ಸೆರಾ ಪಂದ್ಯ ನೋಡಲು ಹೋಗಿದ್ದೆ. ಟಿಕೆಟ್ ಕೌಂಟರ್ ಇಲ್ಲ. ಗೇಟಿನ ಹತ್ತಿರ ಪ್ಲಾಸ್ಟಿಕ್ ಮೇಜು, ಮೇಲೆ ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಚಿಲ್ಲರೆ. ಡಬ್ಬಿಯ ಹಿಂದೆ ಒಬ್ಬ ಅಜ್ಜ. ಗ್ಯಾಲರಿಗೆ ತಗಡಿನ ಮಾಡು, ಅದರ ಮೇಲೆ ಮಳೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳಲ್ಲ. ಮಾಡಿಲ್ಲದ ಕಡೆ ನಿಂತವರು ಕೊಡೆ ಹಿಡಿದೇ ಬೈಯುತ್ತಾರೆ. ಕಾಲ ಕೆಳಗೆ ಸೂರ್ಯಕಾಂತಿ ಬೀಜದ ಸಿಪ್ಪೆಯ ಹಾಸಿಗೆ. ನಮ್ಮಲ್ಲಿ ಕಡಲೆಕಾಯಿ ಹೇಗೋ ಇಲ್ಲಿ ಅದು. ಲೈನ್ಸ್‌ಮನ್ ನಮ್ಮಿಂದ ಮೂರು ಅಡಿ ದೂರ. ಒಬ್ಬ ಹೆಂಗಸು ಅವನಿಗೆ ನಲವತ್ತೈದು ನಿಮಿಷ ಬಿಡುವಿಲ್ಲದೆ ಬೈದಳು. ವಿರಾಮದಲ್ಲಿ ಅವನು ಮೈದಾನದ ಬಾರ್‌ಗೆ ಬಂದು ಕಾಫಿ ತಗೊಂಡ. ಅವಳೇ ಸಕ್ಕರೆ ಪೊಟ್ಟಣ ಎತ್ತಿ ಕೊಟ್ಟಳು.

ವಿರಾಮದಲ್ಲಿ ಲಾಟರಿ ಇರುತ್ತೆ. ಒಣಗಿಸಿದ ಹಂದಿ ತೊಡೆ ಬಹುಮಾನ, ಹಾಮೋನ್ ಅಂತಾರೆ. ಆ ಚೀಟಿ ದುಡ್ಡಿನಲ್ಲೇ ಹುಡುಗರ ತಂಡದ ಬಸ್ಸಿನ ಖರ್ಚು ಕಳೆಯುತ್ತೆ ಅಂತ ಅಜ್ಜ ಹೇಳಿದರು.

ಬ್ಲೂಸ್ ಬಸ್ಯ
ಮಧ್ಯಾಹ್ನ 2:18

ಅಕ್ಕಾ, ಆ ಸೈಡರ್ ಅನ್ನೋದು ಎತ್ತರದಿಂದ ಸುರಿಯುತ್ತಾರಲ್ಲ, ಅದು ಇದೇ ಸೀಮೆನಾ?

ಸೈಡರ್ ಸೀಮೆ
ಮಧ್ಯಾಹ್ನ 2:26

ಇದೇ. ಸೇಬಿನ ಹೆಂಡ. ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿ, ಲೋಟವನ್ನು ಸೊಂಟದ ಕೆಳಗೆ ಹಿಡಿದು ಸುರಿಯುತ್ತಾರೆ. ಒಂದೆರಡು ಗುಟುಕಷ್ಟೇ. ನೊರೆ ಇಳಿಯುವ ಮೊದಲು ಕುಡಿಯಬೇಕು. ಲೋಟ ಒಂದೇ, ಎಲ್ಲರೂ ಅದರಲ್ಲೇ. ಕೊನೆಯಲ್ಲಿ ಸ್ವಲ್ಪ ಉಳಿಸಿ, ಬಾಯಿಟ್ಟ ಜಾಗದ ಮೇಲೆ ಹಾಯಿಸಿ ಚೆಲ್ಲಿ ಮುಂದಿನವರಿಗೆ ಕೊಡುತ್ತಾರೆ. ಮೊದಲ ಸಲ ನೋಡಿದಾಗ ನಮ್ಮಜ್ಜಿ ನೆನಪಾದರು. ಎಂಜಲಿನ ಲೆಕ್ಕ ಇಲ್ಲೂ ಇದೆಯಲ್ಲ ಅಂತ.

ಮಳೆಗಾಲದ ಗೋಲಿ
ಮಧ್ಯಾಹ್ನ 3:02

ಅಕ್ಕಾ, ನೀವು ಬರೆದ ಆ ತಗಡಿನ ಮಾಡು ಇದೆಯಲ್ಲ, ಅಂಥ ಮೈದಾನಕ್ಕೆ ಒಂದು ಕಾಲದ ಮೊದಲ ದರ್ಜೆಯ ಕ್ಲಬ್ ಬಂದರೆ ಹೇಗಿರಬೇಡ! 1930ರ ದಶಕದಲ್ಲಿ ಇಸಿದ್ರೊ ಲಾಂಗರಾ ಇದೇ ಜೆರ್ಸಿಯಲ್ಲಿ ಸತತ ಮೂರು ಸೀಸನ್ ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದಿದ್ದ. 1991ರಲ್ಲಿ ಯುಇಎಫ್‌ಎ ಕಪ್‌ನಲ್ಲಿ ಇಟಲಿಯ ಜೆನೋವಾ ತಂಡವನ್ನು ಮನೆಯಲ್ಲಿ 1-0 ಸೋಲಿಸಿದ ಕ್ಲಬ್ಬು. ಮನೆ ಮೈದಾನ ಹೊಸ ಕಾರ್ಲೋಸ್ ತಾರ್ತಿಯೇರೆ, 2000ನೇ ಇಸವಿಯಲ್ಲಿ ತೆರೆದದ್ದು, 30,500 ಸೀಟು. ಮೊದಲ ದರ್ಜೆಗೆ ಅಂತ ಕಟ್ಟಿದ್ದು. ಮೂರೇ ವರ್ಷದಲ್ಲಿ ಅಲ್ಲಿಗೆ ಹಳ್ಳಿ ತಂಡಗಳು ಬಂದು ಆಡುವ ಹಾಗಾಯಿತು.

ಕೋಚ್ ಆಂತೋನಿಯೊ ರೀವಾಸ್. ಆಡಿದವರಲ್ಲಿ ಇಬ್ಬರ ಹೆಸರು ಹೇಳಲೇಬೇಕು.

ಒಬ್ಬ ಡಿಯೆಗೊ ಸೆರ್ವೆರೊ. ಅದೇ ಊರಿನ ಹುಡುಗ, ಮುಂಚೂಣಿ ಆಟಗಾರ. ಆಡುತ್ತಲೇ ವೈದ್ಯಕೀಯ ಓದಿ ಡಾಕ್ಟರ್ ಆದ. ಬೇರೆ ಕಡೆಗೂ ಹೋಗಿ ಬಂದ, ಆದರೆ ಒವಿಯೇಡೊ ಜನಕ್ಕೆ ಇವತ್ತಿಗೂ ಅವನು ಮನೆಮಗ.

ಇನ್ನೊಬ್ಬ ಉದ್ದನೆಯ ಹುಡುಗ, 17 ವರ್ಷ. ಹಿರಿಯರ ಜೊತೆ ಮೊದಲ ಆಟ ಆಡಿದ್ದು ಅದೇ ತೆರ್ಸೆರಾದಲ್ಲಿ. ಮಿಚು. ಹೌದು, ಸ್ವಾನ್ಸೀ ಮಿಚುವೇ. 2012-13ರಲ್ಲಿ ಪ್ರೀಮಿಯರ್ ಲೀಗಿನಲ್ಲಿ 18 ಗೋಲು ಹೊಡೆದವನು.

ಗುಂಪಿನಲ್ಲಿ ಮೊದಲು ಬಂದರು. ಆದರೆ ಮೇಷ್ಟ್ರು ಹೇಳಿದ ಆ ಮುಳ್ಳು ಚುಚ್ಚಿತು. ಪ್ಲೇಆಫ್‌ನಲ್ಲಿ ಗಲಿಸಿಯಾದ ಅರ್ತೇಶೊ ತಂಡ ಬಾಗಿಲು ಮುಚ್ಚಿತು. ಅರ್ತೇಶೊ ಅಂದರೆ ಝಾರಾ ಬಟ್ಟೆ ಅಂಗಡಿಯವರ ಮುಖ್ಯ ಕಚೇರಿ ಇರುವ ಊರು. ಇವತ್ತಿಗೂ ಝಾರಾ ಬೋರ್ಡ್ ಕಂಡರೆ ನನಗೆ ಮೊದಲು ನೆನಪಾಗೋದು ಬಟ್ಟೆ ಅಲ್ಲ.

ಮುಂದಿನ ವರ್ಷ ಮತ್ತೆ ಆಡಿದರು. 2005ರಲ್ಲಿ ಆವಿಲಾ ಅನ್ನುವ ಊರಿನಲ್ಲಿ ಆಡಿ ಸೆಗುಂದಾ ಬಿಗೆ ಹೋದರು.

ಅಶೋಕನಗರ ಗ್ಯಾಲರಿ
ಮಧ್ಯಾಹ್ನ 3:40

ಮತ್ತೆ ಬಿದ್ದಿದ್ದನ್ನೂ ಹೇಳಿ ಸ್ವಾಮಿ. 2007ರಲ್ಲಿ ಪುನಃ ತೆರ್ಸೆರಾ. 2008ರಲ್ಲಿ ಕರವಾಕಾ ಅನ್ನುವ ತಂಡದ ಕೈಯಲ್ಲಿ ಪ್ಲೇಆಫ್ ಸೋಲು. 2009ರಲ್ಲಿ ಮಯೋರ್ಕಾ ಬಿ ಎದುರು ಪೆನಾಲ್ಟಿಯಲ್ಲಿ ಬಚಾವ್. ಒಟ್ಟು ನಾಲ್ಕು ಸೀಸನ್ ಆ ಬಾವಿಯಲ್ಲಿ. 2003-04 ಒಂದನ್ನೇ ಸಿನಿಮಾ ಮಾಡಿದರೆ ಆಗಲ್ಲ.

ಆದ್ರೂ ಒಂದು ಒಪ್ಪಿಕೊಳ್ಳುತ್ತೇನೆ. ಹೊಸ ಕ್ಲಬ್ಬಿನ ಹಿಂದೆ ಹೋಗದೆ ಹಳೇದನ್ನೇ ಹಿಡಿದುಕೊಂಡರಲ್ಲ, ಅದು ದೊಡ್ಡದು. ನಗರಸಭೆ ಬೆನ್ನಿಗಿದ್ದ ಆ ತಂಡ ಕೆಲವೇ ವರ್ಷದಲ್ಲಿ ಹಳೇ ಹೆಸರಿಗೇ ವಾಪಸ್ ಹೋಯಿತು. ದುಡ್ಡು, ಮೈದಾನ, ಕುರ್ಚಿ ಎಲ್ಲ ಕೊಡಬಹುದು. ಜನ ಎಲ್ಲಿಂದ ತರುತ್ತೀರಿ?

ಇದಕ್ಕೆ ಉಲ್ಟಾ ಕಥೆ ಫುಟ್‌ಬಾಲ್ ಕ್ಲಬ್ ಆಂಡೊರಾದ್ದು. ಬಾರ್ಸಿಲೋನಾ ಆಟಗಾರ ಜೆರಾರ್ಡ್ ಪೀಕೆ 2018ರ ಕೊನೆಯಲ್ಲಿ ತಗೊಂಡಾಗ ಅದು ಕತಲೂನ್ಯಾದ ಪ್ರಾಂತ್ಯ ಲೀಗಿನಲ್ಲಿ, ಐದನೇ ದರ್ಜೆಯಲ್ಲಿತ್ತು. 2019ರಲ್ಲಿ ಗೆದ್ದು ತೆರ್ಸೆರಾಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ಸಂಬಳ ಕೊಡದೆ ರೆಯೂಸ್ ಅನ್ನುವ ಕ್ಲಬ್ ಲೀಗಿನಿಂದ ಹೊರಬಿದ್ದಿತ್ತು. ಅದರ ಖಾಲಿ ಜಾಗವನ್ನು ಸುಮಾರು ನಾಲ್ಕೂವರೆ ಲಕ್ಷ ಯೂರೊ ಕೊಟ್ಟು ತಗೊಂಡು ನೇರ ಸೆಗುಂದಾ ಬಿಗೆ ಹಾರಿದರು. ತೆರ್ಸೆರಾ ಮಣ್ಣನ್ನು ಮುಟ್ಟಲೇ ಇಲ್ಲ. ಎಲ್ಲ ನಿಯಮದ ಒಳಗೇ. ಕಾನೂನು ಪ್ರಕಾರ ಸರಿ, ಆದರೆ ಬಿಸ್ಕತ್ತಿನ ಡಬ್ಬಿಯ ಅಜ್ಜನಿಗೆ ಏನಂತ ಹೇಳುವುದು?

ಲೆಕ್ಕದ ಮೇಷ್ಟ್ರು
ಸಂಜೆ 4:12

ಗ್ಯಾಲರಿಯವರೇ, ನೀವು ಹೇಳುವುದನ್ನು ಸಾಲಮಾಂಕಾಗೆ ಹಚ್ಚಿ ನೋಡಿ. ಅಲ್ಲಿ ಹಳೇ ಕ್ಲಬ್ 2013ರಲ್ಲಿ ಸಾಲದಿಂದ ಪೂರ್ತಿ ಮುಚ್ಚೇ ಹೋಯಿತು. ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಅಭಿಮಾನಿಗಳು ಸೇರಿ ಯೂನಿಯೊನಿಸ್ತಾಸ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಜಿಲ್ಲಾ ಮಟ್ಟದ ಲೀಗಿನಿಂದ ಶುರು. ಒಬ್ಬರಿಗೆ ಒಂದು ಓಟು. ವಿಶ್ವಕಪ್ ಗೆಲ್ಲಿಸಿದ ಕೋಚ್ ವಿಸೆಂತೆ ದೆಲ್ ಬೊಸ್ಕೆ ಕೂಡ ಸದಸ್ಯರು, ಅವರ ಊರೇ ಅದು. 2020ರಲ್ಲಿ ಕಪ್ ಪಂದ್ಯಕ್ಕೆ ರಿಯಲ್ ಮ್ಯಾಡ್ರಿಡ್ ಅವರ ಮೈದಾನಕ್ಕೇ ಬಂತು. 3-1 ಸೋತರು, ಆದರೆ ಒಂದು ಗೋಲು ಹಾಕಿದರು. 2024ರ ಜನವರಿಯಲ್ಲಿ ವಿಯಾರಿಯಲ್ ಅನ್ನು ಪೆನಾಲ್ಟಿಯಲ್ಲಿ ಮನೆಗೆ ಕಳಿಸಿದರು. ಆ ಪಂದ್ಯದ ಮಧ್ಯೆ ಲೈಟು ಕೆಟ್ಟು, ಮಿಕ್ಕಿದ್ದನ್ನು ಮರುದಿನ ಆಡಿ ಮುಗಿಸಿದ್ದು.

ಹಳೇದನ್ನು ಹಿಡಿದವರು ಒಂದು ಕಡೆ, ಹೊಸದು ಕಟ್ಟಿದವರು ಇನ್ನೊಂದು ಕಡೆ. ಎರಡೂ ಕಡೆ ಇದ್ದಿದ್ದು ಜನವೇ. ಹೊಸದು ಅಂದ ಮಾತ್ರಕ್ಕೆ ನಕಲಿ ಅನ್ನಕ್ಕಾಗಲ್ಲ.

ಅಶೋಕನಗರ ಗ್ಯಾಲರಿ
ಸಂಜೆ 4:20

ಅದು ಸರಿ. ನಗರಸಭೆ ಕಟ್ಟಿದ್ದಕ್ಕೂ ಗ್ಯಾಲರಿಯವರು ಕಟ್ಟಿದ್ದಕ್ಕೂ ವ್ಯತ್ಯಾಸ ಇದೆ. ನಾನು ಅಲ್ಲಿ ಎಡವಿದೆ.

ಹೊಸ ಹುಡುಗ 07
ಸಂಜೆ 4:33

ಗೋಲಿ ಅಣ್ಣಾ, ನಿಮಗೆ ಒವಿಯೇಡೊ ಹುಚ್ಚು ಹಿಡಿದಿದ್ದು ಹೇಗೆ? 2003ರಲ್ಲಿ ನೀವು ಸಾಗರದಲ್ಲಿ ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಿರಬೇಕು.

ಮಳೆಗಾಲದ ಗೋಲಿ
ಸಂಜೆ 5:15

ಬರೆಯುತ್ತಿದ್ದೆ, ಗಣಿತದಲ್ಲಿ 41. ಆ ಸೀಸನ್ ನಾನು ನೋಡಿದ್ದಲ್ಲ ಮಾರಾಯಾ, ಆಮೇಲೆ ಓದಿ, ಕೇಳಿ, ಹುಡುಕಿ ತಿಳಿದುಕೊಂಡಿದ್ದು.

ಹುಚ್ಚು ಹಿಡಿದಿದ್ದು 2012ರ ನವೆಂಬರ್‌ನಲ್ಲಿ. ಆಗ ಕ್ಲಬ್ ಮತ್ತೆ ಮುಳುಗುತ್ತಿತ್ತು. ಎರಡು ವಾರದಲ್ಲಿ ಸುಮಾರು 20 ಲಕ್ಷ ಯೂರೊ ಬೇಕು, ಇಲ್ಲದಿದ್ದರೆ ಬಾಗಿಲು ಬಂದ್. ಶೇರು ಮಾರಲು ಹೊರಟರು. ಒಂದಕ್ಕೆ 10.75 ಯೂರೊ, ಆಗಿನ ಲೆಕ್ಕದಲ್ಲಿ 750 ರೂಪಾಯಿ. ಅರ್ಸೆನಲ್‌ನಲ್ಲಿದ್ದ ಕಸೋರ್ಲಾ, ಚೆಲ್ಸಿಯಲ್ಲಿದ್ದ ಮಾತಾ, ಸ್ವಾನ್ಸೀಯಲ್ಲಿದ್ದ ಮಿಚು ಎಲ್ಲರೂ ತಗೊಂಡರು. ಸಿದ್ ಲೋವ್ ಅನ್ನುವ ಇಂಗ್ಲಿಷ್ ಪತ್ರಕರ್ತ ಟ್ವಿಟರ್‌ನಲ್ಲಿ ದಿನವಿಡೀ ಅದನ್ನೇ ಬರೆಯುತ್ತಿದ್ದ. ಅರವತ್ತಕ್ಕೂ ಹೆಚ್ಚು ದೇಶಗಳ ಜನ ಶೇರು ತಗೊಂಡರು. ರಿಯಲ್ ಮ್ಯಾಡ್ರಿಡ್ ಕೂಡ ಒಂದು ಲಕ್ಷ ಯೂರೊ ಹಾಕಿತು. ಗಡುವಿನ ದಿನ ಮೆಕ್ಸಿಕೋದ ಭಾರಿ ಶ್ರೀಮಂತ ಕಾರ್ಲೋಸ್ ಸ್ಲಿಮ್ 20 ಲಕ್ಷ ಯೂರೊ ಹಾಕಿ ದೊಡ್ಡ ಪಾಲುದಾರ ಆದರು.

ನಾನೂ ಒಂದು ತಗೊಳ್ಳೋಣ ಅಂತ ಕೂತೆ. ನನ್ನ ಡೆಬಿಟ್ ಕಾರ್ಡ್ ಹೊರದೇಶಕ್ಕೆ ಹೋಗಲ್ಲ ಅಂತ ಬ್ಯಾಂಕಿನವರು. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. 'ಏನು ಖರೀದಿ ಸರ್?' ಅಂದರು. 'ಸ್ಪೇನಿನ ಒಂದು ಫುಟ್‌ಬಾಲ್ ಕ್ಲಬ್' ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ 'ಇದು ವಂಚನೆ ಇರಬಹುದು, ಒಟಿಪಿ ಯಾರಿಗೂ ಹೇಳಬೇಡಿ' ಅಂತ ಬುದ್ಧಿ ಹೇಳಿ ಕಾರ್ಡೇ ಬ್ಲಾಕ್ ಮಾಡಿದರು. ಕೊನೆಗೆ ಲಂಡನ್‌ನಲ್ಲಿದ್ದ ಭಾವನ ಕಾರ್ಡಿನಲ್ಲಿ ತಗೊಂಡಿದ್ದು. ಹಾಗಾಗಿ ಕಾಗದದ ಮೇಲೆ ಪಾಲುದಾರ ಭಾವ. ಅವನಿಗೆ ಫುಟ್‌ಬಾಲ್ ಅಂದರೆ ಆಗಲ್ಲ. ನಿನ್ನೆ ರಾತ್ರಿ 'ನಿನ್ನ ಕ್ಲಬ್ ಗೆದ್ದಿತು' ಅಂತ ಮೆಸೇಜ್ ಹಾಕಿದರೆ, 'ಡಿವಿಡೆಂಡ್ ಬರುತ್ತಾ?' ಅಂತ ಕೇಳಿದ.

ಬ್ಲೂಸ್ ಬಸ್ಯ
ಸಂಜೆ 5:22

ಭಾವನಿಗೆ ಹೇಳಿ, ಡಿವಿಡೆಂಡ್ ಕಣ್ಣೀರಿನ ರೂಪದಲ್ಲಿ ಬರುತ್ತೆ ಅಂತ.

ಗ್ಯಾಲರಿ ಸರ್, ಬೆಂಗಳೂರಿನ ಸ್ಥಳೀಯ ಲೀಗಿಗೆ ಈ ಥರ ಜನ ಬರುತ್ತಿದ್ದರಾ?

ಅಶೋಕನಗರ ಗ್ಯಾಲರಿ
ಸಂಜೆ 5:50

ಬರುತ್ತಿದ್ದರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಗೌತಮಪುರ, ಆಸ್ಟಿನ್ ಟೌನ್ ಹುಡುಗರು ಆಡುತ್ತಾರೆ ಅಂದರೆ ಆ ಬೀದಿಗಳು ಇಡಿಯಾಗಿ ಬರುತ್ತಿದ್ದವು. ನಮ್ಮಲ್ಲೂ ಎ, ಬಿ, ಸಿ ಡಿವಿಷನ್ ಇದೆ, ಮೇಲೆ ಹೋಗೋದು ಕೆಳಗೆ ಬರೋದು ಎಲ್ಲ ಇದೆ. ಬಸ್ಯಾ, ನಿನಗೆ ಬೀಳುವ ಭಯ ಗೊತ್ತಿಲ್ಲ ಅಂದೆಯಲ್ಲ, ಒಂದು ದಿನ ಮಧ್ಯಾಹ್ನ ಅಲ್ಲಿಗೆ ಬಾ. ಸಿ ಡಿವಿಷನ್‌ಗೆ ಬೀಳುವ ತಂಡದ ಮ್ಯಾನೇಜರ್ ಮುಖ ನೋಡು.

ಬ್ಲೂಸ್ ಬಸ್ಯ
ಸಂಜೆ 5:54

ಬರ್ತೀನಿ ಸರ್. ಚುರುಮುರಿ ನಿಮ್ಮದು.

ಲೆಕ್ಕದ ಮೇಷ್ಟ್ರು
ಸಂಜೆ 6:10

ಸೈಡರ್ ಸೀಮೆಯವರೇ, ಒಂದು ಕೇಳಬೇಕು ಅಂತಿದ್ದೆ. 2003-04ರಲ್ಲಿ ಒವಿಯೇಡೊ ಬಂದಾಗ ಆ ಚಿಕ್ಕ ಕ್ಲಬ್ಬುಗಳಿಗೆ ಖುಷಿಯೋ ಬೇಜಾರೋ? ನನ್ನ ಲೆಕ್ಕದಲ್ಲಿ ಮೂರು ಅಂಕ ಹೋದರೂ ಗಲ್ಲಾ ತುಂಬಿರಬೇಕು.

ಸೈಡರ್ ಸೀಮೆ
ರಾತ್ರಿ 8:40

ಇದನ್ನ ಆ ಡಬ್ಬಿಯ ಅಜ್ಜನಿಗೇ ಕೇಳಿದ್ದೆ. ಆ ವರ್ಷ ಅವರು ಬೇರೊಂದು ಊರಿನ ಕ್ಲಬ್ಬಿನಲ್ಲಿ ಇದೇ ಕೆಲಸ ಮಾಡುತ್ತಿದ್ದರಂತೆ. ಒವಿಯೇಡೊ ಬರುವ ದಿನ ಡಬ್ಬಿ ಸಾಲದೆ ಮನೆಯಿಂದ ಬಟ್ಟೆ ಒಗೆಯುವ ಬಕೆಟ್ ತಂದರಂತೆ. ಬಾರಿನಲ್ಲಿ ಬ್ರೆಡ್ಡು ವಿರಾಮಕ್ಕೆ ಮೊದಲೇ ಖಾಲಿ. ಪಕ್ಕದ ಮನೆಯವರು ಮಹಡಿಯ ಕಿಟಕಿಯಲ್ಲಿ ನಿಲ್ಲುವವರಿಗೆ ಕುರ್ಚಿ ಹಾಕಿ ಕೊಟ್ಟರಂತೆ, ಪುಕ್ಕಟೆ ಅಲ್ಲ. 'ಸೋತೆವು, ಆದರೆ ಆ ವರ್ಷ ಹುಡುಗರಿಗೆಲ್ಲ ಹೊಸ ಬೂಟು ಬಂತು' ಅಂದರು. ಎಷ್ಟು ನಿಜವೋ ಎಷ್ಟು ಒಗ್ಗರಣೆಯೋ, ಅಜ್ಜನಿಗೇ ಗೊತ್ತು. ಅವರು ಸ್ಪೋರ್ಟಿಂಗ್ ಅಭಿಮಾನಿ ಬೇರೆ. ಒವಿಯೇಡೊ ಮೇಲೆ ಬರಬಾರದಿತ್ತು, ಪ್ರತಿ ವರ್ಷ ನಮ್ಮ ಗುಂಪಿನಲ್ಲೇ ಇರಬೇಕಿತ್ತು ಅಂತ ನಗುತ್ತಿದ್ದರು.

ಹೊಸ ಹುಡುಗ 07
ರಾತ್ರಿ 8:47

ಅಕ್ಕಾ, ಕೊನೇ ಪ್ರಶ್ನೆ. ಆ ಹಂದಿ ತೊಡೆ ಲಾಟರಿ ನಿಮಗೆ ಯಾವತ್ತಾದರೂ ಹೊಡೆದಿದೆಯಾ?

ಸೈಡರ್ ಸೀಮೆ
ರಾತ್ರಿ 9:05

ಅಯ್ಯೋ, ಅದೊಂದು ಕಥೆ. ಮೂರನೇ ಸಲ ಹೋದಾಗ ಹೊಡೆಯಿತು. ಚೀಟಿ ನಂಬರ್ 0214. ನಾನು ಮೊಟ್ಟೆ ಕೂಡ ಮುಟ್ಟದವಳು. ಮೈಕಿನಲ್ಲಿ ನಂಬರ್ ಕೂಗಿದಾಗ ಸುಮ್ನೆ ಕೂತೆ. ಪಕ್ಕದಲ್ಲಿದ್ದವಳು, ಅದೇ ಲೈನ್ಸ್‌ಮನ್‌ಗೆ ಬೈದ ಹೆಂಗಸು, ನನ್ನ ಚೀಟಿ ನೋಡಿ ಕೈ ಹಿಡಿದು ಎಬ್ಬಿಸಿಬಿಟ್ಟಳು. ಏಳು ಕಿಲೋ ಇತ್ತು, ಗೊರಸು ಸಮೇತ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾರೆ, ನಾನು ಅದನ್ನು ಮಗು ಹಿಡಿದ ಹಾಗೆ ಹಿಡಿದು ನಿಂತಿದ್ದೇನೆ. ಅಲ್ಲೇ ಅವಳಿಗೆ ಕೊಟ್ಟುಬಿಟ್ಟೆ. ನಂಬಲಿಲ್ಲ, ಎರಡು ಸಲ ಕೇಳಿದಳು.

ಅಲ್ಲಿಂದ ಈಚೆಗೆ ಪ್ರತಿ ಪಂದ್ಯಕ್ಕೂ ನನಗೆ ಮಾಡಿನ ಕೆಳಗೆ ಜಾಗ ಹಿಡಿದಿರುತ್ತಾಳೆ. ಮೊಟ್ಟೆ ಹಾಕದ ಆಲೂಗಡ್ಡೆ ಪಲ್ಯದಂಥದ್ದೇನೋ ಮಾಡಿ ಡಬ್ಬಿಯಲ್ಲಿ ತರುತ್ತಾಳೆ. ಉಪ್ಪು ಮಾತ್ರ ಜಾಸ್ತಿ.